ಹಳದಿ ದೀಪದ ಲೆಕ್ಕ

ಹನ್ನೊಂದು ವರ್ಷ ಅದಿರಿನ ಲಾರಿ ಹೊಡದಾವ ನಾನು,
ಸಾವರ್ಡೆ ಗಣಿಯಿಂದ ಕಾಪ್ಶೆ ಜೆಟ್ಟಿಗೆ, ದಿನಕ್ಕ ಏಳು ಟ್ರಿಪ್ಪು.
ಟೈರು ಜಾರೂದು ಮೊದಲು ಕುಂಡಿಗೆ ತಿಳೀತದ,
ಆಮ್ಯಾಲ ಕಣ್ಣಿಗೆ.
ಇದೊಂದ ನನ್ನ ವಿದ್ಯಾ, ಯಾವ ಸಾಲ್ಯಾಗೂ ಕಲಿಸಿದ್ದಲ್ಲ.

ಗಣಿ ಮುಚ್ಚಿತು. ಈಗ ಮಡಗಾಂವದ ಹಲ್ಲಿನ ಡಾಕ್ಟರು
ಫುರ್ತಾದೊ ಬಾಯಿಯವರ ಹೊಸ ಕಾರು ನನ್ನ ಕೈಯಾಗ.
ಬೆಳ್ಳಗ, ಮೆತ್ತಗ, ಒಳಗ ಲವಂಗದ ಎಣ್ಣಿ ವಾಸನಿ.

ಜೂನಿನ ಮೊದಲ ಮಳಿ. ರಾತ್ರಿ ಹತ್ತು.
ಧಾರವಾಡದಿಂದ ಬರ್ತಾ ಅನಮೋಡ ಘಾಟು ಇಳೀತಿದ್ದೆ.
ಊರ ಮಂದಿ ಬಾಯಿ ತೆರಸೂ ಬಾಯಿ
ತಮ್ಮ ಬಾಯಿ ತೆರದು ಹಿಂದ ನಿದ್ದಿ ಹೊಡೀತಿದ್ರು.
ಎಂಟು ತಿಂಗಳ ಧೂಳು, ಲಾರಿ ಸೋರಿಸಿದ ಡೀಸೆಲ್ಲು,
ಮ್ಯಾಲ ನಾಕು ಹನಿ ನೀರು:
ರಸ್ತೆ ಅಲ್ಲ ಅದು, ಸಬಕಾರ ಬಿದ್ದ ಬಚ್ಚಲ ಕಲ್ಲು.
ಎಡ ತಿರುವಿಗೆ ಹತ್ತು ಕಿಲೋಮೀಟರ್ ಹೆಚ್ಚಿಗಿ ಬಂದೆ.
ಹತ್ತ.
ಸ್ಟೀರಿಂಗ್ ಎಡಕ್ಕ. ಕಾರು ನೆಟ್ಟಗ.
ಇನ್ನೂ ಎಡಕ್ಕ. ಕಾರು ನೆಟ್ಟಗ,
ನೊಗ ಒಲ್ಲದ ಎತ್ತಿನಂಗ ಕಮರಿ ಕಡೆ ಮೂತಿ ಮಾಡಿ ಹೊಂಟಿತು.

ಆಗ ಕೆಳಗೆಲ್ಲೋ ಯಾರೋ ಗರಗರ ಹಲ್ಲು ಕಡದ ಸದ್ದು.
ಬ್ರೇಕು ನಾ ಮುಟ್ಟಿದ್ದಿಲ್ಲ.
ಮೀಟರಿನಾಗ ಹಳದಿ ದೀಪ:
ಹಿಂದ ಹಾವಿನಂಥ ಎರಡು ಗೆರಿ ಬಿಟ್ಟ ಪುಟ್ಟ ಕಾರಿನ ಚಿತ್ರ,
ಮಿಣ, ಮಿಣ, ಮಿಣ.
ಮೂಗು ಒಳಗ ಹೊಳ್ಳಿತು. ಬಿಳಿ ಗೆರಿ ತನ್ನ ಜಾಗಾಕ್ಕ ಬಂತು.
ಹನ್ನೊಂದು ವರ್ಷದ ನನ್ನ ಕುಂಡಿಗಿಂತ ಮೊದಲು
ಮತ್ಯಾರಿಗೋ ತಿಳದಿತ್ತು.
ಬಾಯಿ ಎದ್ದು ಕೇಳಿದ್ರು: ಮೊಲ್ಲೆ ಬಂತಾ?

ಮರುದಿನ ಬೋರಿ ಸೇತುವಿ ಹತ್ತಿರ ಕಾಯ್ತಾನ ಮೇಸ್ತ್ರಿ ಗ್ಯಾರೇಜಿಗೆ ಹೋದೆ.
ನಿನ್ನಿ ಕಾರು ನಡಸಿದಾವ ಯಾರು, ಅಂತ ಕೇಳಿದೆ.
ಚಾದಾಗ ಅದ್ದಾಕ ತಂದಿದ್ದ ಪಾವು ಮುರದು
ಅಂವ ಕೊಂಕಣಿಯೊಳಗ ಹೇಳಿದ್ದು ನನಗ ಹಿಂಗ ತಿಳೀತು:
ನೆಲಾ ಹಿಡದದ್ದು ನಾಕು ಅಂಗೈಯಷ್ಟು ರಬ್ಬರು, ಗದ್ದೆಪ್ಪಾ.
ಒಂದು ಗಾಲಿಗೆ ಒಂದ ಪಾವು.
ತಿರುವು ತಿಂದದ್ದು ಬ್ರೇಕಿಗಿಲ್ಲ, ಬ್ರೇಕು ತಿಂದದ್ದು ತಿರುವಿಗಿಲ್ಲ.
ಮಳ್ಯಾಗ ಅರ್ಧ ಪಾವು.
ಮೂತಿ ತಿರಗದಿದ್ರ ಒಳಮಗ್ಗಲಿನ ಹಿಂದಿನ ಗಾಲಿ ಒಂದನ್ನ ಹಿಡೀತದ,
ಓಡೋ ಹುಡುಗ ಕಂಬಾ ಹಿಡದು ಗರ್ರನ ತಿರಗತಾನಲ್ಲ, ಹಂಗ.
ಹಿಂಭಾಗ ಜಾರಿದ್ರ ಹೊರಗಿನ ಮುಂದಿನ ಗಾಲಿ.
ನಾಕು ಗಾಲಿಗೆ ನಾಕು ಬ್ಯಾರೆ ಬ್ಯಾರೆ ಒತ್ತಾಕ
ನಿನಗ ನಾಕು ಕಾಲು ಅದಾವೇನು?

ನಾ ನಗಲಿಲ್ಲ. ಅಂವ ಪಾವಿನ ಚೂರು ಬಾಯಿಗಿಟ್ಟು ಅಂದ:
ಹೊಸಾ ಪಾವು ಅದೇನೂ ಸುಡೂದಿಲ್ಲ. ಇದ್ದದ್ದು ಹಂಚತದ.
ಇನ್ನೊಂದು ಹತ್ತು ಹೆಚ್ಚಿಗಿ ಬಂದಿದ್ರ
ಹಂಚಾಕ ತಾಟಿನ್ಯಾಗ ಏನಿರತಿತ್ತು?

ಅದರ ಮೊಂಡತನಾನೂ ನೋಡೀನಿ, ಗಾಲ್ಜಿಬಾಗದ ಮರಳಿನ್ಯಾಗ.
ಗಾಲಿ ಹುಗದು, ಗ್ಯಾಸು ಒತ್ತಿದಷ್ಟೂ
ಎಂಜಿನ್ನಿನ ಕುತ್ತಿಗಿ ಹಿಚುಕಿ ಹಿಡೀತದ: ಗಾಲಿ ಸುತ್ತಬಾರದು, ಬ್ಯಾಡ, ಬ್ಯಾಡ.
ಅಲ್ಲಿ ಸುತ್ತಲೇಬೇಕು.
ಬಟನ್ ಮೂರು ಎಣಿಸೂತನಕ ಅದುಮಿದೆ, ಬಿಟ್ಟುಕೊಡ್ತು,
ಮರಳು ಉಗುಳಿ ಕಾರು ಡಾಂಬರಿಗೆ ಬಂತು.
ಬಂದ ಕೂಡಲೆ ಮತ್ತ ಅದುಮಿದೆ. ಬಾಯಿಯವರಿಗೆ ಹೇಳಲಿಲ್ಲ.
ಘಾಟಿನ ಮಾತೂ ಹೇಳಿಲ್ಲ.

ಡೀಸೆಲ್ ಬರಿಯೋ ವಹಿಯಾಗ ಕಡೀ ಪುಟ ಅದಕ್ಕಿಟ್ಟೀನಿ.
ಬುಧವಾರ, ಬೋರಿ ಇಳಿಜಾರು, ಎರಡು ಸಲ.
ಶನಿವಾರ, ಫೋಂಡೆ ಸರ್ಕಲ್, ಒಂದು ಸಲ, ಸಗಣಿ ಇತ್ತು, ನಂದಲ್ಲ ತಪ್ಪು.
ಆಮ್ಯಾಲ ಆ ಕಡೀ ನಾಕು ಶಬ್ದ ಹೊಡದು ಹಾಕಿದೆ.
ಇವತ್ತ ಮತ್ತ ಅನಮೋಡ, ಮತ್ತ ಮಳಿ, ಅದ ಎಡ ತಿರುವು.
ಮೊದಲ ಬ್ರೇಕು, ಆಮ್ಯಾಲ ಸ್ಟೀರಿಂಗು, ನೆಟ್ಟಗಾದ ಮ್ಯಾಲ ಗ್ಯಾಸು.
ದೀಪ ಹತ್ತಲಿಲ್ಲ.
ಬಾಯಿಯವರು ಹಂಗೂ ವಾಂತಿ ಮಾಡಿಕೊಂಡ್ರು.